ಗಾಳಿ ಅಳೆಯುವ ಪೆಟ್ಟಿಗೆಗೆ ಏನು ಕಾಣುತ್ತೆ, ಏನು ಕಾಣೋದಿಲ್ಲ

ಗಾಳಿ ಅಳೆಯುವ ಸಣ್ಣ ಪೆಟ್ಟಿಗೆಗಳು ಈಗ ಸುಲಭವಾಗಿ ಸಿಗುತ್ತವೆ. ಅಂಗೈಯಷ್ಟು ದೊಡ್ಡದು, ಮುಂದೆ ಒಂದು ಪರದೆ, ಪರದೆಯಲ್ಲಿ ಒಂದು ಅಂಕಿ, ಪಕ್ಕದಲ್ಲಿ ಹಸಿರು, ಹಳದಿ ಇಲ್ಲವೇ ಕೆಂಪು ಬಣ್ಣ. ಇದನ್ನು ನೋಡಿದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ, "ಎಷ್ಟು ಬಂದರೆ ಒಳ್ಳೇದು, ಎಷ್ಟು ಬಂದರೆ ಅಪಾಯ?" ಎಂಬುದು. ಅದಕ್ಕಿಂತ ಮೊದಲು ಕೇಳಬೇಕಾದದ್ದು ಇನ್ನೊಂದು ಉಂಟು: ಈ ಪೆಟ್ಟಿಗೆ ಅಳೆಯುವುದು ಯಾವುದನ್ನು?

ಬಾಣಂತಿ ಕೋಣೆಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಮಳೆಗಾಲದ ಥಂಡಿಗೆ ಕಿಟಕಿ ಬಾಗಿಲು ಮುಚ್ಚಿ, ಅಗ್ಗಿಷ್ಟಿಕೆಯಲ್ಲಿ ಕೆಂಡ ಹಾಕಿ ಮಂಚದ ಹತ್ತಿರ ಇಡುವ ಪದ್ಧತಿ ಹಲವು ಮನೆಗಳಲ್ಲಿ ಇದೆ. ಇದ್ದಿಲು ಚೆನ್ನಾಗಿ ಕೆಂಪಗಾದ ಮೇಲೆ ಹೊಗೆ ಇರುವುದಿಲ್ಲ, ಕಣ್ಣು ಉರಿಯುವುದಿಲ್ಲ, ಮೂಗಿಗೂ ಏನೂ ತಿಳಿಯುವುದಿಲ್ಲ. ಧೂಳು ಅಳೆಯುವ ಪೆಟ್ಟಿಗೆಯನ್ನು ಅಲ್ಲಿ ಇಟ್ಟರೆ ಅಂಕಿ ಅಷ್ಟೇನೂ ಏರದೆ ಹಸಿರಿನಲ್ಲೇ ಉಳಿಯಬಹುದು. ಆದರೆ ಅದೇ ಕೆಂಡದಿಂದ ಕಾರ್ಬನ್ ಮೋನಾಕ್ಸೈಡ್ ಎಂಬ ವಿಷಾನಿಲ ಹೊರಟು ಕೋಣೆ ತುಂಬುತ್ತಿರುತ್ತದೆ. ಪೆಟ್ಟಿಗೆ ಸುಳ್ಳು ಹೇಳಿತು ಅನ್ನುವಂತಿಲ್ಲ. ಆ ಅನಿಲವನ್ನು ನೋಡುವ ಅಂಗವೇ ಅದರಲ್ಲಿ ಇಲ್ಲ, ಅಷ್ಟೇ.

ಆದ್ದರಿಂದ ಈ ಪೆಟ್ಟಿಗೆಯ ಹೊಟ್ಟೆಯೊಳಗೆ ಏನಿದೆ ಅಂತ ಸ್ವಲ್ಪ ಬಿಚ್ಚಿ ನೋಡೋಣ. ಹೊಟ್ಟೆಯಲ್ಲಿ ಇರುವ ಈ ಅಂಗಕ್ಕೆ ಸೆನ್ಸರ್ ಎನ್ನುತ್ತಾರೆ. ಧೂಳಿಗೆ ಒಂದು ಬಗೆಯ ಸೆನ್ಸರ್, ಅನಿಲಗಳಿಗೆ ಬೇರೆ ಬೇರೆ ಬಗೆಯವು.

ಬಿಸಿಲುಕೋಲಿನ ವಿದ್ಯೆ

ಹೆಂಚಿನ ಮನೆಯ ಅಡುಗೆಕೋಣೆಯಲ್ಲಿ ಬೆಳಕಿಗೆ ಅಂತ ಒಂದು ಗಾಜಿನ ಹೆಂಚು ಹಾಕಿರುತ್ತಾರೆ. ಬೆಳಿಗ್ಗೆ ಅದರಿಂದ ಬಿಸಿಲುಕೋಲು ಇಳಿದಾಗ ಒಳಗೆ ಸಾವಿರಾರು ಕಣಗಳು ಕುಣಿಯುವುದು ಕಾಣುತ್ತದೆ. ಬಿಸಿಲುಕೋಲಿನ ಆಚೆ ಈಚೆಯೂ ಅಷ್ಟೇ ಕಣಗಳಿವೆ, ಆದರೆ ಕಾಣುವುದಿಲ್ಲ. ಕಣಕ್ಕೆ ಬೆಳಕು ಬಡಿದು ಚದುರಿ ನಮ್ಮ ಕಣ್ಣಿಗೆ ಬಂದಾಗ ಮಾತ್ರ ಅದು ಕಾಣುವುದು. ಧೂಳಿನ ಸೆನ್ಸರ್ ಮಾಡುವುದೂ ಇದನ್ನೇ. ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಡಬ್ಬಿ. ಒಳಗೆ ಗಾಳಿ ಎಳೆಯಲು ಪುಟ್ಟ ಫ್ಯಾನು. ಬಿಸಿಲುಕೋಲಿನ ಬದಲು ಸಣ್ಣ ಲೇಸರ್ ಬೆಳಕು. ಕಣ್ಣಿನ ಬದಲು ಫೋಟೋಡಯೋಡ್ ಎಂಬ ಬೆಳಕು ಹಿಡಿಯುವ ಬಿಲ್ಲೆ. ಬಿಲ್ಲೆಯ ಮೇಲೆ ಲೇಸರ್ ನೇರವಾಗಿ ಬೀಳುವುದಿಲ್ಲ. ಕಣವೊಂದು ಬೆಳಕನ್ನು ಹಾದು ಹೋದಾಗ ಚದುರಿದ ಮಿಂಚು ಮಾತ್ರ ಬೀಳುತ್ತದೆ. ದೊಡ್ಡ ಕಣಕ್ಕೆ ದೊಡ್ಡ ಮಿಂಚು, ಸಣ್ಣ ಕಣಕ್ಕೆ ಸಣ್ಣ ಮಿಂಚು. ಮಿಂಚುಗಳನ್ನು ಎಣಿಸಿ, ಅವುಗಳ ಗಾತ್ರ ನೋಡಿ, ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಮೈಕ್ರೋಗ್ರಾಂ ಧೂಳು ಇದೆ ಅಂತ ಒಳಗಿನ ಚಿಪ್ ಲೆಕ್ಕ ಹಾಕುತ್ತದೆ.

ಪರದೆಯ ಮೇಲೆ ಪಿ.ಎಂ. 2.5 ಮತ್ತು ಪಿ.ಎಂ. 10 ಅಂತ ಬರೆದಿರುತ್ತದೆ. 10 ಎಂದರೆ 10 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ಕಣಗಳು, 2.5 ಎಂದರೆ ಎರಡೂವರೆ ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣವು. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ. ದೊಡ್ಡ ಧೂಳನ್ನು ಮೂಗು, ಗಂಟಲು ಹಿಡಿದು ಹಾಕುತ್ತವೆ. ಕಫವಾಗಿ, ಸೀನಾಗಿ ಹೊರಗೆ ಬರುತ್ತದೆ. ಎರಡೂವರೆ ಮೈಕ್ರಾನ್‌ಗಿಂತ ಸಣ್ಣದು ಶ್ವಾಸಕೋಶದ ತುದಿಯವರೆಗೆ ಹೋಗಿ ಕೂರುತ್ತದೆ. ಒಲೆಯ ಹೊಗೆ, ವಾಹನದ ಹೊಗೆ, ಸೊಳ್ಳೆಬತ್ತಿಯ ಹೊಗೆ ಎಲ್ಲವೂ ಈ ಸಣ್ಣ ಜಾತಿಯವು. ಮುಚ್ಚಿದ ಕೋಣೆಯಲ್ಲಿ ಒಂದು ಸೊಳ್ಳೆಬತ್ತಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟು ಸುಟ್ಟಷ್ಟು ಸಣ್ಣ ಕಣಗಳು ಹೊರಡುತ್ತವೆ ಅಂತ 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳಿದೆ. ಮಕ್ಕಳ ತಲೆಯ ಹತ್ತಿರ ಬತ್ತಿ ಹಚ್ಚಿಡುವವರು ಇದನ್ನು ನೆನಪಿಡಬೇಕು.

ಇಲ್ಲಿ ಒಂದು ಸೂಕ್ಷ್ಮ ಇದೆ. ಸೆನ್ಸರ್ ಧೂಳನ್ನು ತೂಗುವುದಿಲ್ಲ, ಬೆಳಕನ್ನು ಎಣಿಸುತ್ತದೆ. ಕಣಗಳೆಲ್ಲ ದುಂಡಗಿವೆ, ಎಲ್ಲದರ ಸಾಂದ್ರತೆ ಇಷ್ಟು ಅಂತ ಮೊದಲೇ ಅಂದಾಜು ಮಾಡಿಕೊಂಡು ತೂಕ ಹೇಳುತ್ತದೆ. ಆ ಕಣ ಯಾವುದು ಅಂತ ಅದಕ್ಕೆ ಗೊತ್ತಿಲ್ಲ. ಸಮುದ್ರದ ಉಪ್ಪಿನ ಕಣವೂ ಒಂದೇ, ಜಲ್ಲಿ ಕ್ರಷರಿನ ಕಲ್ಲಿನ ಪುಡಿಯೂ ಒಂದೇ. ಆದರೆ ನಮ್ಮ ಶ್ವಾಸಕೋಶಕ್ಕೆ ಎರಡೂ ಒಂದೇ ಅಲ್ಲ. ಕಲ್ಲಿನ ಪುಡಿಯಲ್ಲಿರುವ ಸಿಲಿಕಾದಿಂದ ಸಿಲಿಕೋಸಿಸ್ ಎಂಬ ವಾಸಿಯಾಗದ ಕಾಯಿಲೆ ಬರುತ್ತದೆ. ಇನ್ನೊಂದು ವಿಷಯ, ಕಡಿಮೆ ಬೆಲೆಯ ಸೆನ್ಸರುಗಳು ಸಣ್ಣ ಹೊಗೆಯನ್ನು ಹಿಡಿದಷ್ಟು ಚೆನ್ನಾಗಿ ದಪ್ಪ ಧೂಳನ್ನು ಹಿಡಿಯುವುದಿಲ್ಲ. ಭಾರದ ಕಣಗಳು ಆ ಪುಟ್ಟ ಫ್ಯಾನಿನ ಸೆಳೆತಕ್ಕೆ ತಿರುಗಿ ಒಳಗೆ ಬರುವುದೇ ಕಡಿಮೆ. ಹಾಗಾಗಿ ಕೆಂಪು ಕಲ್ಲಿನ ಕೋರೆಯ ಪಕ್ಕ, ಮಣ್ಣಿನ ರಸ್ತೆಯ ಬದಿ ಇಂಥ ಪೆಟ್ಟಿಗೆ ಇಟ್ಟು "ಪಿ.ಎಂ. 10 ಕಡಿಮೆಯೇ ಇದೆಯಲ್ಲ" ಅಂತ ಯಾರಾದರೂ ತೋರಿಸಿದರೆ ಅದನ್ನು ಒಪ್ಪಿಕೊಳ್ಳಬೇಕಾಗಿಲ್ಲ.

ಮಂಜು, ಮಳೆ, ಇಡ್ಲಿಯ ಆವಿ

ಕರಾವಳಿ, ಮಲೆನಾಡಿನವರಿಗೆ ಇದು ಮುಖ್ಯ. ಗಾಳಿಯಲ್ಲಿ ತೇವ ಹೆಚ್ಚಾದಾಗ ಕೆಲವು ಕಣಗಳು ನೀರು ಕುಡಿದು ಊದಿಕೊಳ್ಳುತ್ತವೆ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ಒದ್ದೆಯಾಗುವುದಿಲ್ಲವೇ, ಹಾಗೆಯೇ. ಊದಿದ ಕಣ ಹೆಚ್ಚು ಬೆಳಕು ಚದುರಿಸುತ್ತದೆ, ಸೆನ್ಸರ್ ಅದನ್ನು ದೊಡ್ಡ ಧೂಳು ಅಂದುಕೊಳ್ಳುತ್ತದೆ. ಮಂಜಿನ ಹನಿಯಂತೂ ಅದರ ಲೆಕ್ಕದಲ್ಲಿ ಧೂಳೇ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಹತ್ತಿರ ಇಟ್ಟ ಪೆಟ್ಟಿಗೆ ಕೆಂಪಾದರೆ ಹೆದರಬೇಡಿ, ಅದು ಕಂಡದ್ದು ಬರೀ ನೀರನ್ನು.

ಸರ್ಕಾರದ ಮಾಪನ ಕೇಂದ್ರಗಳಲ್ಲಿ ಈ ತೊಂದರೆಗೆ ಉಪಾಯ ಮಾಡಿದ್ದಾರೆ. ಗಾಳಿ ಒಳಗೆ ಬರುವ ಕೊಳವೆಯನ್ನೇ ಹದವಾಗಿ ಬಿಸಿ ಮಾಡಿ ನೀರನ್ನು ಆರಿಸುತ್ತಾರೆ. ಧೂಳನ್ನು ಕಾಗದದ ಪಟ್ಟಿಯ ಮೇಲೆ ಹಿಡಿದು, ಅದರ ಮೂಲಕ ಬೀಟಾ ಕಿರಣ ಹಾಯಿಸುತ್ತಾರೆ. ಧೂಳು ಹೆಚ್ಚಾದಷ್ಟೂ ಆಚೆ ತಲುಪುವ ಕಿರಣ ಕಡಿಮೆಯಾಗುತ್ತದೆ, ಅದರಿಂದ ತೂಕ ತಿಳಿಯುತ್ತದೆ. ಇನ್ನೂ ಹಳೆಯ, ಇನ್ನೂ ನಂಬಿಕೆಯ ವಿಧಾನ ಅಂದರೆ ಫಿಲ್ಟರ್ ಕಾಗದವನ್ನು ತಕ್ಕಡಿಯಲ್ಲಿ ತೂಗಿ, 24 ಗಂಟೆ ಅದರ ಮೂಲಕ ಗಾಳಿ ಎಳೆದು, ಮತ್ತೆ ತೂಗುವುದು. ನಿಧಾನ ಹೌದು, ಆದರೆ ಅಲ್ಲಿ ಅಂದಾಜಿನ ಕೆಲಸ ಇಲ್ಲ.

ಇನ್ನು ಅಂಕಿಯ ವಿಷಯ. 2009ರಲ್ಲಿ ನಮ್ಮ ದೇಶ ಮಾಡಿಕೊಂಡ ಮಾನದಂಡದಂತೆ ಪಿ.ಎಂ. 2.5 ದಿನದ ಸರಾಸರಿ 60 ಮೈಕ್ರೋಗ್ರಾಂ, ವರ್ಷದ ಸರಾಸರಿ 40 ದಾಟಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ ಇನ್ನೂ ಬಿಗಿ: ದಿನಕ್ಕೆ 15, ವರ್ಷಕ್ಕೆ 5. ಪತ್ರಿಕೆಗಳಲ್ಲಿ ಬರುವ ಎ.ಕ್ಯೂ.ಐ. ಎನ್ನುವುದು ಮೈಕ್ರೋಗ್ರಾಂ ಅಲ್ಲ. ಅದು 2014ರಲ್ಲಿ ಜಾರಿಗೆ ಬಂದ ಸೂಚ್ಯಂಕ, ಪರೀಕ್ಷೆಯ ಅಂಕವನ್ನು ಗ್ರೇಡಿಗೆ ಬದಲಾಯಿಸಿದ ಹಾಗೆ. 60 ಮೈಕ್ರೋಗ್ರಾಂ ಧೂಳಿಗೆ ಭಾರತದ ಲೆಕ್ಕದಲ್ಲಿ ಎ.ಕ್ಯೂ.ಐ. 100. ಅದೇ ಗಾಳಿಗೆ ಅಮೆರಿಕದ ಲೆಕ್ಕ ಹಾಕುವ ಪೆಟ್ಟಿಗೆ 150ಕ್ಕಿಂತ ಮೇಲೆ ತೋರಿಸುತ್ತದೆ. ಪಕ್ಕದ ಮನೆಯವರ ಪೆಟ್ಟಿಗೆಯ ಅಂಕಿ ನಿಮ್ಮದಕ್ಕಿಂತ ಜಾಸ್ತಿ ಅಂದರೆ ಅವರ ಗಾಳಿ ಕೆಟ್ಟದು ಅಂತಲೇ ಅಲ್ಲ, ಲೆಕ್ಕ ಬೇರೆ ಇರಬಹುದು. ಮತ್ತೆ, ಮಿತಿ ಹಾಕಿರುವುದು ಇಡೀ ದಿನದ ಸರಾಸರಿಗೆ. ಒಗ್ಗರಣೆ ಹಾಕುವಾಗ ಐದು ನಿಮಿಷ 300 ಬಂದದ್ದೂ, ಇಡೀ ದಿನ 300 ಇದ್ದದ್ದೂ ಒಂದೇ ಅಲ್ಲ.

ಹಾಗಾದರೆ ಮನೆಯ ಪೆಟ್ಟಿಗೆಯಿಂದ ಪ್ರಯೋಜನ ಇಲ್ಲವೇ? ಖಂಡಿತ ಉಂಟು, ಹೋಲಿಸಿ ನೋಡಲಿಕ್ಕೆ. ಕಟ್ಟಿಗೆ ಒಲೆಯಲ್ಲಿ ಅಡುಗೆ ಆಗುವಾಗ ಅಂಕಿ ಎಷ್ಟೋ ನೂರು, ಕೆಲವೊಮ್ಮೆ ಸಾವಿರವೂ ದಾಟುತ್ತದೆ. ಅದು 800ಓ 950ಓ ಎನ್ನುವುದು ನಮಗೆ ದೊಡ್ಡದಲ್ಲ. ಒಂದೇ ಪೆಟ್ಟಿಗೆಯನ್ನು, ಒಂದೇ ಜಾಗದಲ್ಲಿ, ಅಡುಗೆ ಮಾಡುವವರು ಕೂತಾಗ ಮೂಗು ಇರುವ ಎತ್ತರದಲ್ಲಿ ಇಡಿ. ಆದರೆ ಪಾತ್ರೆಯ ಆವಿ ನೇರ ಬಡಿಯದಂತೆ ಒಂದು ಮೀಟರ್ ಆಚೆ ಇರಲಿ. ಒಂದು ದಿನ ಹಸಿ ಕಟ್ಟಿಗೆ, ಇನ್ನೊಂದು ದಿನ ಒಣ ಕಟ್ಟಿಗೆ. ಒಂದು ದಿನ ಕಿಟಕಿ ಮುಚ್ಚಿ, ಇನ್ನೊಂದು ದಿನ ತೆರೆದು ನೋಡಿ. ಹತ್ತು ನಿಮಿಷಕ್ಕೊಮ್ಮೆ ಪುಸ್ತಕದಲ್ಲಿ ಬರೆದಿಡಿ. ಸ್ವಸಹಾಯ ಸಂಘದ ನಾಲ್ಕು ಮನೆಯವರು ಸೇರಿ ಒಂದು ಪೆಟ್ಟಿಗೆಯಲ್ಲಿ ವಾರವಿಡೀ ಇದನ್ನು ಮಾಡಬಹುದು. ಹೊಗೆ ಕೊಳವೆ ಇರುವ ಒಲೆ ಹಾಕಿಸುವ ಮಾತು ಬಂದಾಗ ಮನೆಯ ಗಂಡಸರಿಗೆ ತೋರಿಸಲು ಆ ಪುಸ್ತಕ ಒಳ್ಳೆಯ ಸಾಕ್ಷಿ. ಆಗಾಗ ಪೆಟ್ಟಿಗೆಯ ಬಾಯಿ ನೋಡುತ್ತಾ ಇರಿ. ಎಣ್ಣೆಜಿಡ್ಡು, ಜೇಡರಬಲೆ, ಇರುವೆ ಎಲ್ಲಾ ಸೇರಿಕೊಳ್ಳುತ್ತವೆ. ನಮ್ಮ ಕಡೆಯ ಇರುವೆಗಳಿಗಂತೂ ಬೆಚ್ಚಗಿನ ಮೆಷಿನ್ ಅಂದರೆ ಬಹಳ ಪ್ರೀತಿ.

ಅನಿಲವನ್ನು ಹಿಡಿಯುವುದು ಹೇಗೆ?

ಅನಿಲಕ್ಕೆ ಬಿಸಿಲುಕೋಲಿನ ವಿದ್ಯೆ ನಡೆಯುವುದಿಲ್ಲ. ಅನಿಲದ ಅಣು ಎಷ್ಟೋ ಪಟ್ಟು ಸಣ್ಣದು, ಅದರಿಂದ ಮಿಂಚು ಬರುವುದಿಲ್ಲ. ಹಾಗಾಗಿ ಅನಿಲವನ್ನು ಅದರ ಗುಣದಿಂದ ಹಿಡಿಯಬೇಕು. ಅಳತೆಗೆ ಪಿ.ಪಿ.ಎಂ. ಅಂತ ಬಳಸುತ್ತಾರೆ, ಅಂದರೆ ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗ. ತಾರಸಿ ಮೇಲಿನ 1000 ಲೀಟರ್ ನೀರಿನ ಟ್ಯಾಂಕಿಗೆ ಒಂದು ಮಿಲಿ ಲೀಟರ್ ಔಷಧಿ ಹಾಕಿದರೆ ಅದು ಒಂದು ಪಿ.ಪಿ.ಎಂ.

ಕಾರ್ಬನ್ ಮೋನಾಕ್ಸೈಡ್ ಹಿಡಿಯುವ ಸೆನ್ಸರ್ ಹೆಚ್ಚು ಕಡಿಮೆ ಟಾರ್ಚಿನ ಸೆಲ್ಲಿನ ಅಣ್ಣತಮ್ಮ ಇದ್ದ ಹಾಗೆ. ಸೆಲ್ಲಿನ ಒಳಗೆ ರಾಸಾಯನಿಕ ಕ್ರಿಯೆ ನಡೆದು ಕರೆಂಟ್ ಹರಿಯುತ್ತದೆ. ಇಲ್ಲಿಯೂ ಒಳಗೆ ಆಮ್ಲದ ದ್ರಾವಣ, ಅದರಲ್ಲಿ ಪ್ಲಾಟಿನಂ ಲೇಪಿಸಿದ ಪಟ್ಟಿಗಳು ಇರುತ್ತವೆ. ಮೇಲಿನ ಸಣ್ಣ ತೂತಿನಿಂದ ಅನಿಲ ಒಳಗೆ ಹೋಗಿ ಪ್ಲಾಟಿನಂ ಮೇಲೆ ಉರಿಯದೆಯೇ ಕಾರ್ಬನ್ ಡೈ ಆಕ್ಸೈಡ್ ಆಗುತ್ತದೆ, ಆಗ ಒಂದೊಂದು ಅಣುವಿನಿಂದ ಎರಡೆರಡು ಎಲೆಕ್ಟ್ರಾನ್ ಬಿಡುಗಡೆಯಾಗುತ್ತವೆ. ಅನಿಲ ಹೆಚ್ಚಾದಷ್ಟೂ ಕರೆಂಟ್ ಹೆಚ್ಚು. ಬಹಳ ಸೂಕ್ಷ್ಮ ಕರೆಂಟ್, ಆದರೆ ಅಳೆಯಬಹುದು. ಇದರ ದೋಷವೂ ತಿಳಿದಿರಲಿ. ಹೈಡ್ರೋಜನ್ ಬಂದರೂ ಇದು ಕರೆಂಟ್ ಕೊಡುತ್ತದೆ, ಹಾಗಾಗಿ ಇನ್ವರ್ಟರ್ ಬ್ಯಾಟರಿ ಚಾರ್ಜ್ ಆಗುವ ಜಾಗದಲ್ಲಿ ಸುಮ್ಮನೆ ಕೂಗಿಕೊಳ್ಳಬಹುದು. ಸೆಲ್ಲಿನಂತೆ ಇದಕ್ಕೂ ಆಯುಷ್ಯ ಉಂಟು. ಹಿಂದೆ ಬರೆದಿರುವ ತಾರೀಕು ಮುಗಿದ ಮೇಲೆ ಇಟ್ಟುಕೊಳ್ಳಬಾರದು.

ಗ್ಯಾಸ್ ಸೋರಿದರೆ ಕೂಗುವ ಅಲಾರಂನಲ್ಲಿ ಇರುವುದು ಇನ್ನೊಂದು ಬಗೆ. ಜಪಾನಿನ ನವೊಯೋಶಿ ತಗುಚಿ ಎಂಬವರು 1962ರಲ್ಲಿ ಇದಕ್ಕೆ ಪೇಟೆಂಟ್ ಮಾಡಿಸಿದರು. ತವರದ ಆಕ್ಸೈಡಿನ ಚಿಕ್ಕ ಪದರವನ್ನು ಒಳಗಿನ ಹೀಟರಿನಿಂದ ಕಾಯಿಸಿ ಇಡುತ್ತಾರೆ. ಬಿಸಿಯಾದ ಪದರಕ್ಕೆ ಗಾಳಿಯ ಆಮ್ಲಜನಕ ಅಂಟಿಕೊಂಡು ಅದರ ಎಲೆಕ್ಟ್ರಾನುಗಳನ್ನು ಹಿಡಿದಿಡುತ್ತದೆ, ಕರೆಂಟ್ ಸರಾಗ ಹರಿಯುವುದಿಲ್ಲ. ಅಡುಗೆ ಅನಿಲ ಬಂದು ಆ ಆಮ್ಲಜನಕವನ್ನು ಕಿತ್ತುಕೊಂಡು ಹೋದಾಗ ಎಲೆಕ್ಟ್ರಾನುಗಳಿಗೆ ಬಿಡುಗಡೆ, ಕರೆಂಟ್ ಹರಿಯುತ್ತದೆ, ಅಲಾರಂ ಕೂಗುತ್ತದೆ. ಅಗ್ಗದ ಸೆನ್ಸರ್, ಗಟ್ಟಿಯಾದ ಸೆನ್ಸರ್. ಆದರೆ ಇದಕ್ಕೆ ಯಾವ ಅನಿಲ ಎಂಬ ವಿವೇಚನೆ ಇಲ್ಲ. ಸ್ಪಿರಿಟ್, ಪೇಂಟಿನ ವಾಸನೆ, ಊದುಬತ್ತಿ, ಒಗ್ಗರಣೆ, ಕೈಗೆ ಹಚ್ಚುವ ಸ್ಯಾನಿಟೈಸರ್ ಯಾವುದು ಬಂದರೂ ಹೌಹಾರುತ್ತದೆ. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದಲ್ಲಿ ಹರಡುತ್ತದೆ. ಆದ್ದರಿಂದ ಈ ಅಲಾರಂ ಗೋಡೆಯ ಕೆಳಭಾಗದಲ್ಲಿ ಇರಬೇಕು. ಅಟ್ಟದ ಹತ್ತಿರ ಮೊಳೆ ಹೊಡೆದು ನೇತುಹಾಕಿದರೆ ಉಪಯೋಗವಿಲ್ಲ.

ಪೇಟೆಯಲ್ಲಿ ಸಿಗುವ ಕೆಲವು ಪೆಟ್ಟಿಗೆಗಳು ಧೂಳು, ಕಾರ್ಬನ್ ಡೈ ಆಕ್ಸೈಡ್, ಫಾರ್ಮಾಲ್ಡಿಹೈಡ್ ಅಂತ ಆರೇಳು ಅಂಕಿ ಒಟ್ಟಿಗೆ ತೋರಿಸುತ್ತವೆ. ಬೆಲೆಯೂ ಕಡಿಮೆ. ಒಳಗೆ ಇರುವುದು ಹಲವು ಸಲ ಈ ತವರದ ಜಾತಿಯ ಒಂದೇ ಚಿಪ್! ಅದರ ಒಂದು ಅಂಕಿಯನ್ನೇ ಗುಣಿಸಿ ಭಾಗಿಸಿ ಬೇರೆ ಬೇರೆ ಹೆಸರಿನಲ್ಲಿ ತೋರಿಸುತ್ತಾರೆ. ಪರೀಕ್ಷೆ ಸುಲಭ: ಹತ್ತಿರದಲ್ಲಿ ಸ್ಯಾನಿಟೈಸರ್ ಬಾಟಲಿಯ ಮುಚ್ಚಳ ತೆಗೆಯಿರಿ. ಕಾರ್ಬನ್ ಡೈ ಆಕ್ಸೈಡ್ ಅಂಕಿ ಸರ್ರನೆ ಏರಿದರೆ ಆ ಪೆಟ್ಟಿಗೆ ಕಾರ್ಬನ್ ಡೈ ಆಕ್ಸೈಡನ್ನು ನೋಡುತ್ತಲೇ ಇಲ್ಲ.

ಕಾರ್ಬನ್ ಡೈ ಆಕ್ಸೈಡನ್ನು ನಿಜವಾಗಿ ಅಳೆಯುವುದು ಬೆಳಕಿನಿಂದಲೇ, ಆದರೆ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಿಂದ. ಈ ಅನಿಲ 4.26 ಮೈಕ್ರಾನ್ ಅಲೆಯುದ್ದದ ಬೆಳಕನ್ನು ನುಂಗುತ್ತದೆ. ಒಂದು ಕಡೆಯಿಂದ ಬಿಟ್ಟ ಬೆಳಕು ಇನ್ನೊಂದು ಕಡೆ ಎಷ್ಟು ಕಡಿಮೆಯಾಯಿತು ಎಂದು ನೋಡಿದರೆ ಅನಿಲ ಎಷ್ಟಿದೆ ಅಂತ ಗೊತ್ತಾಗುತ್ತದೆ. ಅನಿಲಗಳು ಹೀಗೆ ಶಾಖದ ಕಿರಣವನ್ನು ಹೀರುವುದನ್ನು 1859ರಲ್ಲಿ ಜಾನ್ ಟಿಂಡಾಲ್ ಎಂಬ ವಿಜ್ಞಾನಿ ಅಳೆದು ತೋರಿಸಿದರು. ಬಿಸಿಲುಕೋಲಿನಲ್ಲಿ ಧೂಳು ಕಾಣುವುದಕ್ಕೂ ಅವರ ಹೆಸರೇ ಇದೆ, ಟಿಂಡಾಲ್ ಪರಿಣಾಮ ಅಂತ. ಹೊರಗಿನ ಗಾಳಿಯಲ್ಲಿ ಇದು ಈಗ 420 ಪಿ.ಪಿ.ಎಂ.ಗಿಂತ ಸ್ವಲ್ಪ ಮೇಲೆ. ತರಗತಿ ಅಥವಾ ಸಭೆ ನಡೆಯುವ ಕೋಣೆಯಲ್ಲಿ 1000 ದಾಟಿ ಏರುತ್ತಲೇ ಇದ್ದರೆ ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದಾರೆ ಅಂತ ಅರ್ಥ. ಕ್ಷಯರೋಗ ಗಾಳಿಯಿಂದಲೇ ಹರಡುವುದರಿಂದ ಇದು ಸಣ್ಣ ವಿಷಯವಲ್ಲ. ಕಿಟಕಿ ತೆರೆದರೆ ಅಂಕಿ ಇಳಿಯುವುದು ಕಣ್ಣೆದುರೇ ಕಾಣುತ್ತದೆ.

ಮೂಗು ಸೋಲುವ ಕಡೆ

ಮತ್ತೆ ಬಾಣಂತಿ ಕೋಣೆಯ ಕೆಂಡಕ್ಕೆ ಬರೋಣ. ಕಾರ್ಬನ್ ಮೋನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಕೆಲವು ನೂರು ಪಿ.ಪಿ.ಎಂ. ಇದ್ದರೆ ಒಂದೆರಡು ಗಂಟೆಯಲ್ಲಿ ತಲೆನೋವು, ವಾಕರಿಕೆ. ಸಾವಿರ ದಾಟಿದರೆ ಪ್ರಾಣಕ್ಕೇ ಅಪಾಯ. ನಿದ್ದೆಯಲ್ಲಿದ್ದವರಿಗೆ ತಲೆನೋವೂ ತಿಳಿಯುವುದಿಲ್ಲ. ಕಿಟಕಿಯಿಲ್ಲದ ಬಚ್ಚಲಿನಲ್ಲಿ ಹಾಕಿದ ಗ್ಯಾಸ್ ಗೀಸರ್, ಅಂಗಡಿಯೊಳಗೆ ಓಡಿಸುವ ಜನರೇಟರ್, ಮುಚ್ಚಿದ ಕೋಣೆಯ ಕೆಂಡ, ಮೂರರಿಂದಲೂ ಇದೇ ಅನಿಲ. ಧೂಳಿನ ಪೆಟ್ಟಿಗೆಯಾಗಲಿ, ಸೋರುವ ಗ್ಯಾಸಿನ ಅಲಾರಮ್ಮಾಗಲಿ ಇಲ್ಲಿ ನಂಬಿಕೆಗೆ ಅರ್ಹವಲ್ಲ. ಕಾರ್ಬನ್ ಮೋನಾಕ್ಸೈಡಿಗೆಂದೇ ಮಾಡಿದ ಅಲಾರಂ ಬೇಕು. ಅದು ಇಲ್ಲದಿದ್ದರೆ ಕೆಂಡವನ್ನು ಹೊರಗಿಡಿ, ಗೀಸರನ್ನು ಬಚ್ಚಲಿನ ಹೊರಗೋಡೆಗೆ ಹಾಕಿಸಿ. ಸ್ನಾನಕ್ಕೆ ಹೋದವರು ಕೂಗಿದರೂ ಉತ್ತರಿಸದಿದ್ದರೆ ಬಾಗಿಲು ಒಡೆದು, ಗ್ಯಾಸ್ ಆರಿಸಿ, ಅವರನ್ನು ಗಾಳಿಗೆ ತಂದು 108ಕ್ಕೆ ಫೋನ್ ಮಾಡಬೇಕು.

ಹಳೆ ಬಾವಿ, ಸೆಪ್ಟಿಕ್ ಟ್ಯಾಂಕಿನ ಮಾತು ಇನ್ನೂ ಕಠಿಣ. ಹಿಂದೆ ಬಾವಿಗೆ ಇಳಿಯುವ ಮೊದಲು ದೀಪ ಇಳಿಸಿ ನೋಡುತ್ತಿದ್ದರು. ಅದೂ ಒಂದು ಸೆನ್ಸರೇ. ಆಮ್ಲಜನಕ ತೀರಾ ಇಳಿದರೆ ಆರುತ್ತದೆ. ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳಲ್ಲಿ ಕ್ಯಾನರಿ ಎಂಬ ಹಕ್ಕಿಯನ್ನು ಪಂಜರದಲ್ಲಿ ಒಯ್ಯುತ್ತಿದ್ದರು, 1986ರಲ್ಲಷ್ಟೇ ಅದನ್ನು ನಿಲ್ಲಿಸಿದ್ದು. ಆದರೆ ಸೆಪ್ಟಿಕ್ ಟ್ಯಾಂಕಿನಲ್ಲಿ ಮೀಥೇನ್ ಇರುತ್ತದೆ, ದೀಪ ಇಳಿಸಿದರೆ ಸ್ಫೋಟವೇ ಆಗಬಹುದು. ಜೊತೆಗೆ ಹೈಡ್ರೋಜನ್ ಸಲ್ಫೈಡ್ ಇರುತ್ತದೆ, ದೀಪಕ್ಕೆ ಅದು ಕಾಣುವುದಿಲ್ಲ. ಕೊಳೆತ ಮೊಟ್ಟೆಯ ವಾಸನೆಯ ಈ ಅನಿಲ ಸ್ವಲ್ಪ ಇದ್ದಾಗ ಮೂಗಿಗೆ ಬಡಿಯುತ್ತದೆ, ಸುಮಾರು 100 ಪಿ.ಪಿ.ಎಂ. ದಾಟಿದರೆ ವಾಸನೆ ಹಿಡಿಯುವ ಶಕ್ತಿಯನ್ನೇ ಕೊಲ್ಲುತ್ತದೆ. "ಈಗ ವಾಸನೆ ಹೋಯಿತು, ಇಳಿಯಬಹುದು" ಅಂತ ಇಳಿದವರು ಮೇಲೆ ಬರಲಿಲ್ಲ.

ಈ ಕೆಲಸಕ್ಕೆ ಇರುವುದು ನಾಲ್ಕು ಅನಿಲದ ಮೀಟರ್. ಆಮ್ಲಜನಕ, ಉರಿಯುವ ಅನಿಲ, ಕಾರ್ಬನ್ ಮೋನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್, ಒಂದೊಂದಕ್ಕೆ ಒಂದೊಂದು ಸೆನ್ಸರ್. ಒಳ್ಳೆಯ ಗಾಳಿಯಲ್ಲಿ ಆಮ್ಲಜನಕ 20.9 ಶೇಕಡಾ ತೋರಿಸಬೇಕು, 19.5ಕ್ಕೆ ಇಳಿದರೆ ಕೂಗುತ್ತದೆ. ಮೇಲೆ ನಿಂತು ನೋಡಿದರೆ ಸಾಲದು, ಕೊಳವೆ ಇಳಿಸಿ ಮೇಲೆ, ನಡುವೆ, ತಳದಲ್ಲಿ ಅಳೆಯಬೇಕು. ಇನ್ನೂ ಒಂದು ಮಾತು. ವಿಷಾನಿಲ ಇಲ್ಲದಾಗ ಮೀಟರ್ ಸೊನ್ನೆ ತೋರಿಸುತ್ತದೆ, ಸೆನ್ಸರ್ ಸತ್ತಾಗಲೂ ಸೊನ್ನೆಯನ್ನೇ ತೋರಿಸುತ್ತದೆ. ಎರಡು ಸೊನ್ನೆಗೂ ನೋಡಲು ವ್ಯತ್ಯಾಸ ಇಲ್ಲ. ಅದಕ್ಕೇ ಪ್ರತಿ ದಿನ ಕೆಲಸಕ್ಕೆ ಮುಂಚೆ ಸಿಲಿಂಡರಿನಿಂದ ಗೊತ್ತಿರುವ ಅಳತೆಯ ಅನಿಲವನ್ನು ಸ್ವಲ್ಪ ಊದಿ ಮೀಟರ್ ಕೂಗುತ್ತದೋ ಅಂತ ಪರೀಕ್ಷಿಸುವ ಕ್ರಮ ಇದೆ. "ನಮ್ಮ ಹತ್ತಿರ ಮೀಟರ್ ಇದೆ, ನೀನು ಇಳಿ" ಅನ್ನುವ ಗುತ್ತಿಗೆದಾರನಿಗೆ ಕೂಲಿಯವರು ಈ ಪರೀಕ್ಷೆ ಮಾಡಿ ತೋರಿಸು ಅನ್ನಬಹುದು. ನಿಜ ಹೇಳಬೇಕೆಂದರೆ ಇಳಿಯಲೇಬೇಕಾಗಿಲ್ಲ, ಹೀರುವ ಯಂತ್ರದ ಕೆಲಸ ಅದು. ರಕ್ಷಣಾ ಸಾಧನ ಇಲ್ಲದೆ ಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ಜನರನ್ನು ಇಳಿಸುವುದು 2013ರ ಕಾಯ್ದೆಯಂತೆ ಶಿಕ್ಷಾರ್ಹ ಅಪರಾಧ. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಹೇಳಿದೆ.

ಒಳಗೆ ಯಾರಾದರೂ ಕುಸಿದು ಬಿದ್ದರೆ ಹಿಂದೆಯೇ ಇಳಿಯಬೇಡಿ. ತಮ್ಮನ ಹಿಂದೆ ಅಣ್ಣ, ಅಣ್ಣನ ಹಿಂದೆ ನೆರೆಯವರು ಹೋಗಿ ಒಂದರ ಬದಲು ಮೂರು ಹೆಣ ತೆಗೆದ ಸುದ್ದಿಗಳನ್ನು ಓದಿದ್ದೇವೆ. 112ಕ್ಕೆ ಇಲ್ಲವೇ ಅಗ್ನಿಶಾಮಕ ದಳದ 101ಕ್ಕೆ ಫೋನ್ ಮಾಡಿ, "ಟ್ಯಾಂಕಿನೊಳಗೆ ಬಿದ್ದಿದ್ದಾರೆ, ಗಾಳಿ ಸಿಲಿಂಡರ್ ಹಾಕಿಕೊಂಡು ಇಳಿಯುವವರು ಬೇಕು" ಅಂತ ಸ್ಪಷ್ಟವಾಗಿ ಹೇಳಿ.